ಬ್ಯಾಡ್ಮಿಂಟನ್ ಅನ್ನೇ ವೃತ್ತಿ ಮಾಡಿಕೊಳ್ಳುವುದು ಹೇಗೆ?

ಮೊದಲಿಗೇ ಒಂದು ಲೆಕ್ಕ ನೋಡಿಬಿಡೋಣ. ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಟೂರ್ನಿಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಹಂತ ಫ್ಯೂಚರ್ ಸೀರೀಸ್. ಅಲ್ಲಿ ದಿನಗಟ್ಟಲೆ ಆಡಿ, ಎದುರು ಬಂದವರನ್ನೆಲ್ಲ ಸೋಲಿಸಿ ಚಾಂಪಿಯನ್ ಆದವರಿಗೆ ಸಿಗುವುದು 1,700 ರ್ಯಾಂಕಿಂಗ್ ಅಂಕ. ಮೇಲಿನ ತುದಿಯ ದರ್ಜೆಯಾದ ಸೂಪರ್ 1000 ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತು ಅದೇ ಸಂಜೆ ಬ್ಯಾಗು ಕಟ್ಟುವವರಿಗೆ 3,000. ಅನ್ಯಾಯ ಅನ್ನಿಸಬಹುದು. ಆದರೆ ವೃತ್ತಿಪರ ಆಟಗಾರರ ಬದುಕಿನ ಅರ್ಧ ಕಥೆ ಈ ಎರಡು ಸಂಖ್ಯೆಗಳಲ್ಲೇ ಇದೆ: ಮೇಲೆ ಹೋಗಿ ಸೋಲುವ ಅರ್ಹತೆ ಪಡೆಯಲಿಕ್ಕೇ ಕೆಳಗೆ ವರ್ಷಗಟ್ಟಲೆ ಗೆಲ್ಲುತ್ತಿರಬೇಕು. ಒಳ್ಳೆಯ ಆಟವಿದ್ದೂ ಎಷ್ಟೋ ಮಂದಿ ನಿಂತುಬಿಡುವುದು ಈ ನಡುದಾರಿಯಲ್ಲಿ. ಹಾಗಾಗಿ ಇಲ್ಲಿ ಸ್ಮ್ಯಾಶ್‌ಗಿಂತ ಕ್ಯಾಲೆಂಡರ್‌ಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಕಾಲು ಮೊದಲು, ಕೈ ಆಮೇಲೆ

ವಿಶ್ವಮಟ್ಟಕ್ಕೆ ಬಂದವರಲ್ಲಿ ಹೆಚ್ಚಿನವರು ರ್ಯಾಕೆಟ್ ಹಿಡಿದದ್ದು ಹತ್ತು ವರ್ಷದೊಳಗೆ. ಆ ವಯಸ್ಸಿನಲ್ಲಿ ಕಲಿಯಬೇಕಾದದ್ದು ಮುಖ್ಯವಾಗಿ ಎರಡು, ಹಿಡಿತ ಮತ್ತು ಓಡಾಟ. ಶಟಲ್ ತಾಗುವ ಆ ಕ್ಷಣ ಬಿಟ್ಟರೆ ಉಳಿದ ಹೊತ್ತೆಲ್ಲ ಬೆರಳುಗಳು ಸಡಿಲವಾಗಿಯೇ ಇರಬೇಕು. ಬ್ಯಾಕ್‌ಹ್ಯಾಂಡ್‌ಗೆ ಬಂದಾಗ ಹೆಬ್ಬೆರಳು ಹಿಡಿಯ ಅಗಲ ಬದಿಗೆ ಸರಿಯುವುದು ಯೋಚಿಸದೆ ಆಗಬೇಕು. ಮೊದಲ ವರ್ಷವೇ ಇದು ಕೂರದಿದ್ದರೆ ಹದಿನೈದನೇ ವಯಸ್ಸಿಗೆ ತಿದ್ದುವುದು ಬಲು ಕಷ್ಟ.

ಸಿಂಗಲ್ಸ್‌ನಲ್ಲಿ ನಿಮ್ಮ ಪಾಲಿನ ಅಂಗಣ 6.7 ಮೀಟರ್ ಉದ್ದ, 5.18 ಮೀಟರ್ ಅಗಲ. ಹೊರಗಿನಿಂದ ನೋಡಿದರೆ ಚಿಕ್ಕ ಜಾಗ. ಮಲ್ಟಿ ಶಟಲ್ ಅಭ್ಯಾಸದ ಹೊತ್ತಿನಲ್ಲಿ ಒಮ್ಮೆ ಅಂಗಣದ ಪಕ್ಕ ನಿಂತು ನೋಡಿ. ನೆಟ್‌ನ ಆಚೆ ಕೋಚ್ ಎಡತೋಳಿನ ಮೇಲೆ ಶಟಲ್‌ಗಳನ್ನು ಒಂದರೊಳಗೊಂದು ಸಿಕ್ಕಿಸಿ ಉದ್ದಕ್ಕೆ ಪೇರಿಸಿಕೊಂಡಿರುತ್ತಾರೆ. ಒಂದೊಂದನ್ನೇ ಎಳೆದು ಹೊಡೆಯುತ್ತಾರೆ: ಮುಂದಿನ ಎಡಮೂಲೆ, ಹಿಂದಿನ ಬಲಮೂಲೆ, ನಡುವಿನ ಬದಿ, ಮತ್ತೆ ಮುಂದೆ. ಮೊದಲ ಹತ್ತು ಶಟಲ್‌ಗೆ ಮಗು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಮೊದಲು ಕೈಬಿಡುವುದು ಎದುರಾಳಿ ಹೊಡೆಯುವ ಕ್ಷಣಕ್ಕೆ ಸರಿಯಾಗಿ ಹಾಕಬೇಕಾದ ಆ ಪುಟ್ಟ ಜಿಗಿತ, ಸ್ಪ್ಲಿಟ್ ಸ್ಟೆಪ್. ಅದು ಹೋಯಿತೆಂದರೆ ಹಿಮ್ಮಡಿ ನೆಲಕ್ಕೆ ಅಂಟುತ್ತದೆ, ಹಿಂದಿನ ಮೂಲೆಗೆ ಅರ್ಧ ಹೆಜ್ಜೆ ತಡವಾಗುತ್ತದೆ, ತಲೆಯ ಮುಂದೆ ಸಿಗಬೇಕಾದ ಶಟಲ್ ತಲೆಯ ಹಿಂದೆ ಸಿಗುತ್ತದೆ. ಒಳ್ಳೆಯ ಕೋಚ್ ಆಗ ಕೈಯನ್ನು ತಿದ್ದುವುದಿಲ್ಲ, ಕಾಲನ್ನು ತಿದ್ದುತ್ತಾರೆ.

ಅಪ್ಪ ಅಮ್ಮಂದಿರು ಕೇಳುವುದು ಮಾತ್ರ ಸ್ಮ್ಯಾಶ್ ಬಗ್ಗೆಯೇ. ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಬರೆದರು, ನಿಜ. ಆದರೆ ಅದು ಪರೀಕ್ಷೆಗೆಂದೇ ಸಿದ್ಧಪಡಿಸಿದ ಜಾಗದಲ್ಲಿ ಹೊಡೆದದ್ದು. ಪಂದ್ಯದಲ್ಲಿ ಶಟಲ್‌ನ ಹಿಂದಕ್ಕೆ ಹೋಗಿ ನಿಲ್ಲಲಾಗದವರಿಗೆ ತೋಳಿನ ಬಲ ಎಷ್ಟಿದ್ದರೂ ಉಪಯೋಗವಿಲ್ಲ.

ಹೆಜ್ಜೆ 2: ಸಿಂಗಲ್ಸೋ ಡಬಲ್ಸೋ

ಹದಿನೈದು, ಹದಿನಾರರವರೆಗೆ ಎರಡನ್ನೂ ಆಡಿ. ಆಮೇಲೆ ಒಂದನ್ನು ಆರಿಸಲೇಬೇಕು. ಎರಡರ ತರಬೇತಿಯೂ ಬೇರೆ, ಮೈಕಟ್ಟಿನ ಬೇಡಿಕೆಯೂ ಬೇರೆ. ಡಬಲ್ಸ್‌ಗೆ ಹೋಗುವುದೆಂದರೆ ಸಿಂಗಲ್ಸ್‌ನಲ್ಲಿ ಗೆಲ್ಲಲಾಗದವರ ಪಾಡು ಎಂಬ ಹಳೆಯ ತಾತ್ಸಾರವನ್ನು ಪಕ್ಕಕ್ಕಿಡಿ. ಸರ್ವ್, ಸರ್ವ್ ಸ್ವೀಕಾರ, ಮತ್ತೆ ಮೂರನೇ ಹೊಡೆತ: ಈ ಮೂರರೊಳಗೇ ಪಾಯಿಂಟ್‌ನ ಹಣೆಬರಹ ತೀರ್ಮಾನವಾಗುವ ಆಟಕ್ಕೆ ಬೇರೆಯದೇ ಬುದ್ಧಿ ಬೇಕು. ಒಂದು ಎಚ್ಚರ: ಡಬಲ್ಸ್‌ನಲ್ಲಿ ರ್ಯಾಂಕಿಂಗ್ ಜೋಡಿಗೆ ಸೇರಿದ್ದು. ಜೊತೆಗಾರರನ್ನು ಬದಲಿಸಿದರೆ ಹೊಸ ಜೋಡಿಯ ಅಂಕಗಳನ್ನು ಮೊದಲಿನಿಂದ ಕೂಡಿಸಬೇಕು. ಮುನಿಸಿಕೊಂಡು ಜೋಡಿ ಮುರಿಯುವ ಮುನ್ನ ಈ ಲೆಕ್ಕ ನೆನಪಿರಲಿ.

ಹೆಜ್ಜೆ 3: ಜೂನಿಯರ್ ಪ್ರಶಸ್ತಿಗೆ ತಕ್ಕಷ್ಟೇ ಬೆಲೆ

ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್ 19 ವರ್ಷದೊಳಗಿನವರದು. 2010ರಲ್ಲಿ ಅದನ್ನು ಗೆದ್ದ ವಿಕ್ಟರ್ ಅಕ್ಸೆಲ್ಸನ್, 2012ರಲ್ಲಿ ಗೆದ್ದ ಕೆಂಟೊ ಮೊಮೊಟ ಇಬ್ಬರೂ ಮುಂದೆ ವಿಶ್ವ ಚಾಂಪಿಯನ್ ಆದರು. ಆದರೆ ಐದು ಸಲ ವಿಶ್ವ ಚಾಂಪಿಯನ್, ಎರಡು ಒಲಿಂಪಿಕ್ ಚಿನ್ನ ಗೆದ್ದ ಲಿನ್ ಡಾನ್ ಬಳಿ ವಿಶ್ವ ಜೂನಿಯರ್ ಸಿಂಗಲ್ಸ್ ಪ್ರಶಸ್ತಿ ಇಲ್ಲ. ಜೂನಿಯರ್ ಮಟ್ಟದಲ್ಲಿ ಎತ್ತರ ಮತ್ತು ಬಲ ಬೇಗ ಬಂದವರು ಗೆಲ್ಲುತ್ತಾರೆ. ಸೀನಿಯರ್‌ಗೆ ಬಂದಾಗ ಎಲ್ಲರಿಗೂ ಅವು ಬಂದಿರುತ್ತವೆ. ಹದಿನೇಳರ ಹೊತ್ತಿಗೆ ಜೂನಿಯರ್ ಟ್ರೋಫಿಯ ಆಸೆಯನ್ನು ಸ್ವಲ್ಪ ಬಿಟ್ಟು ದೊಡ್ಡವರ ಟೂರ್ನಿಗಳಲ್ಲಿ ಪೆಟ್ಟು ತಿನ್ನಲು ಶುರು ಮಾಡುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ.

ಹೆಜ್ಜೆ 4: ಅಂಕದ ವ್ಯವಹಾರ

ಆಟಗಾರರು ನೇರವಾಗಿ ಅರ್ಜಿ ಹಾಕುವಂತಿಲ್ಲ. ಅಂತರರಾಷ್ಟ್ರೀಯ ಟೂರ್ನಿಗೆ ಹೆಸರು ಕಳಿಸುವುದು ನಿಮ್ಮ ದೇಶದ ಬ್ಯಾಡ್ಮಿಂಟನ್ ಸಂಸ್ಥೆ. ಹೀಗಾಗಿ ದೇಶದೊಳಗಿನ ರ್ಯಾಂಕಿಂಗ್ ಮತ್ತು ಆಯ್ಕೆ ಟೂರ್ನಿಗಳೇ ಮೊದಲ ಬಾಗಿಲು.

ಅಲ್ಲಿಂದ ಮುಂದೆ ಹಂತಗಳು ಹೀಗಿವೆ. ಕೆಳಗೆ ಫ್ಯೂಚರ್ ಸೀರೀಸ್, ಇಂಟರ್‌ನ್ಯಾಷನಲ್ ಸೀರೀಸ್, ಇಂಟರ್‌ನ್ಯಾಷನಲ್ ಚಾಲೆಂಜ್. ಚಾಂಪಿಯನ್‌ಗೆ ಕ್ರಮವಾಗಿ 1,700, 2,500 ಮತ್ತು 4,000 ಅಂಕ. ಅದರ ಮೇಲೆ 2018ರಲ್ಲಿ ಆರಂಭವಾದ ವರ್ಲ್ಡ್ ಟೂರ್: ಸೂಪರ್ 100ರಿಂದ 300, 500, 750, 1000ದವರೆಗೆ. ಸೂಪರ್ 300 ಗೆದ್ದರೆ 7,000, ಸೂಪರ್ 1000 ಗೆದ್ದರೆ 12,000. ಆಲ್ ಇಂಗ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾ, ಚೀನಾ ಓಪನ್‌ಗಳು ಈ ಕೊನೆಯ ಗುಂಪಿನವು.

ವಿಶ್ವ ರ್ಯಾಂಕಿಂಗ್‌ಗೆ ಹಿಡಿಯುವುದು ಕಳೆದ 52 ವಾರಗಳಲ್ಲಿ ನಿಮ್ಮ ಅತ್ಯುತ್ತಮ ಹತ್ತು ಫಲಿತಾಂಶ. ಈ ಒಂದು ಸಾಲಿನಲ್ಲಿ ಮೂರು ಗುಟ್ಟುಗಳಿವೆ.

ಮೊದಲನೆಯದು, ಹತ್ತಕ್ಕಿಂತ ಕಡಿಮೆ ಆಡಿದ್ದರೆ ಖಾಲಿ ಜಾಗಗಳಿಗೆ ಸೊನ್ನೆ. ಹೊಸಬರು ಆಯ್ದು ಆಯ್ದು ಆಡುವ ಬದಲು ಮೊದಲು ಹತ್ತು ತುಂಬಿಸಬೇಕು. ಎರಡನೆಯದು, ಹತ್ತು ತುಂಬಿದ ಮೇಲೆ ಸಣ್ಣ ಗೆಲುವುಗಳಿಂದ ಪ್ರಯೋಜನ ಕಡಿಮೆ. ನಿಮ್ಮ ಹತ್ತನೇ ಫಲಿತಾಂಶ 2,200 ಇದ್ದರೆ ಫ್ಯೂಚರ್ ಸೀರೀಸ್ ಕಪ್ ಎತ್ತಿದರೂ ರ್ಯಾಂಕಿಂಗ್ ಅಲುಗದು. ಸೂಪರ್ 300ರಲ್ಲಿ ಒಂದೇ ಪಂದ್ಯ ಗೆದ್ದು ಕೊನೆಯ ಹದಿನಾರರ ಘಟ್ಟಕ್ಕೆ ಬಂದರೆ 2,750 ಸಿಗುತ್ತದೆ. ಕೆಳಗಿನ ಹಂತದಲ್ಲಿ ಗೆಲ್ಲುವ ಅಭ್ಯಾಸ ಹಿತವಾಗಿರುತ್ತದೆ, ಅಲ್ಲೇ ಉಳಿದವರನ್ನು ಬೇಕಾದಷ್ಟು ನೋಡಬಹುದು. ಮೂರನೆಯದು, ಕಳೆದ ವರ್ಷ ಇದೇ ವಾರ ಗಳಿಸಿದ್ದು ಈ ವಾರ ಉದುರುತ್ತದೆ. ಫೈನಲ್ ತಲುಪಿದ್ದ ಟೂರ್ನಿಗೆ ಈ ಸಲ ಮೊಣಕಾಲು ನೋವೆಂದು ಹೋಗದಿದ್ದರೆ ಮನೆಯಲ್ಲಿ ಕೂತೇ ಹಲವು ಸ್ಥಾನ ಕುಸಿಯುತ್ತೀರಿ. ಆಟಗಾರರು ಅಂಕ ಉಳಿಸಿಕೊಳ್ಳಬೇಕು ಎಂದು ಗೊಣಗುವುದು ಇದಕ್ಕೇ.

ದೊಡ್ಡ ಟೂರ್ನಿಯ ಪ್ರಧಾನ ಸುತ್ತಿನಲ್ಲಿರುವುದು 32 ಜಾಗ. ಪಂದ್ಯ ಶುರುವಾಗುವುದಕ್ಕೆ ವಾರಗಳ ಮೊದಲೇ ಪ್ರವೇಶ ಮುಗಿದು, ಆಗಿನ ರ್ಯಾಂಕಿಂಗ್ ನೋಡಿ ಪಟ್ಟಿ ಹಾಕುತ್ತಾರೆ. ಗಡಿಯಲ್ಲಿರುವವರು ಅರ್ಹತಾ ಸುತ್ತಿಗೋ ಕಾಯ್ದಿರಿಸಿದ ಪಟ್ಟಿಗೋ ಬೀಳುತ್ತಾರೆ. ಯಾರಾದರೂ ಹಿಂದೆ ಸರಿದರೆ ಒಳಗೆ, ಇಲ್ಲವಾದರೆ ಹೊರಗೆ. ಟಿಕೆಟ್ ತೆಗೆಯಬೇಕೋ ಬೇಡವೋ ಎಂಬ ಈ ತೂಗುಯ್ಯಾಲೆ 50ರಿಂದ 100ರ ನಡುವಿನ ರ್ಯಾಂಕಿಂಗ್‌ನವರಿಗೆ ನಿತ್ಯದ ಸಂಗತಿ. ದೂರದ ಖಂಡಕ್ಕೆ ಹೋಗುವುದಾದರೆ ಬೆನ್ನುಬೆನ್ನಿಗೆ ಎರಡು ಮೂರು ಟೂರ್ನಿಗಳಿರುವ ವಾರಗಳನ್ನೇ ಹಿಡಿಯಿರಿ. ಒಂದರಲ್ಲಿ ಬೇಗ ಸೋತರೂ ಪ್ರಯಾಣ ದಂಡವಾಗುವುದಿಲ್ಲ.

ಅರ್ಹತಾ ಸುತ್ತಿನ ದಿನ ಬೆಳಿಗ್ಗೆ ಬೇಗ ಹೋಗಿ ಸಭಾಂಗಣದ ಗಾಳಿ ನೋಡಿ. ಎ.ಸಿ. ಗಾಳಿ ಒಂದು ಬದಿಯಿಂದ ಬೀಸುತ್ತಿದ್ದರೆ ಐದು ಗ್ರಾಂ ಆಸುಪಾಸಿನ ಶಟಲ್ ಅದರ ಮಾತು ಕೇಳಿಯೇ ಕೇಳುತ್ತದೆ. ಗಾಳಿ ಬೆನ್ನಿಗಿರುವ ಬದಿಯಲ್ಲಿ ನಿಮ್ಮ ಎತ್ತರದ ಹೊಡೆತಗಳು ಹಿಂದಿನ ಗೆರೆ ದಾಟುತ್ತವೆ, ಎದುರಿಗಿರುವ ಬದಿಯಲ್ಲಿ ಅರ್ಧಕ್ಕೇ ಬೀಳುತ್ತವೆ. ನಾಣ್ಯ ಚಿಮ್ಮಿದಾಗ ಸರ್ವ್ ಕೇಳುವುದಕ್ಕಿಂತ ಬದಿ ಕೇಳುವುದೇ ಎಷ್ಟೋ ಸಲ ಲಾಭ. ನಿರ್ಣಾಯಕ ಗೇಮ್‌ನ ನಡುವೆ ಬದಿ ಬದಲಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೆಜ್ಜೆ 5: ದುಡ್ಡು ಎಲ್ಲಿಂದ

2024ರ ಮಲೇಷ್ಯಾ ಓಪನ್‌ನ ಒಟ್ಟು ಬಹುಮಾನ 13 ಲಕ್ಷ ಡಾಲರ್. ಸಿಂಗಲ್ಸ್ ಗೆದ್ದವರಿಗೆ ಅದರಲ್ಲಿ ಶೇ 7, ಅಂದರೆ 91,000 ಡಾಲರ್. ಡಬಲ್ಸ್‌ಗೆ ಶೇ 7.4, ಅದೂ ಇಬ್ಬರ ನಡುವೆ ಹಂಚಿಕೆ. ಈಗ ಕೆಳಗೆ ಇಳಿಯಿರಿ. ಇಂಟರ್‌ನ್ಯಾಷನಲ್ ಚಾಲೆಂಜ್ ಮಟ್ಟದಲ್ಲಿ ಐದೂ ವಿಭಾಗಗಳಿಗೆ ಸೇರಿ ಒಟ್ಟು ಮೊತ್ತ 15,000 ಡಾಲರ್ ಇರುವ ಟೂರ್ನಿಗಳಿವೆ. ವಿಮಾನ, ವಸತಿ, ಊಟ ಕಳೆದರೆ ಚಾಂಪಿಯನ್‌ಗೂ ಹೆಚ್ಚೇನೂ ಮಿಗದು. ಮೊದಲ ಸುತ್ತಿನಲ್ಲಿ ಸೋತವರದು ಪೂರಾ ಕೈಯಿಂದ ಹಾಕಿದ ಲೆಕ್ಕ.

ಬಹುಮಾನದ ಹಣದಲ್ಲೇ ಬದುಕುವವರು ವಿಶ್ವದಲ್ಲಿ ಬೆರಳೆಣಿಕೆಯಷ್ಟು ಎಂದುಕೊಂಡೇ ಯೋಜನೆ ಹಾಕಿ. ಉಳಿದವರನ್ನು ಸಾಕುವುದು ಬೇರೆ ಮೂಲಗಳು. ಜಪಾನ್‌ನಲ್ಲಿ ಕಂಪನಿಗಳೇ ತಂಡ ಕಟ್ಟಿ ಆಟಗಾರರಿಗೆ ನೌಕರಿ ಕೊಡುತ್ತವೆ. ಮೊಮೊಟ ಒಂದು ದೂರಸಂಪರ್ಕ ಕಂಪನಿಯ ತಂಡದವರಾಗಿದ್ದರು. ಡೆನ್ಮಾರ್ಕ್, ಜರ್ಮನಿಯ ಕ್ಲಬ್ ಲೀಗ್‌ಗಳು ಹೊರದೇಶದವರಿಗೂ ಹಣ ಕೊಟ್ಟು ಆಡಿಸುತ್ತವೆ, ಜೊತೆಗೆ ಒಳ್ಳೆಯ ಅಭ್ಯಾಸವೂ ಸಿಗುತ್ತದೆ. ಇನ್ನು ಕೆಲವರಿಗೆ ರಾಷ್ಟ್ರೀಯ ತಂಡದ ಸಂಬಳ, ಸರ್ಕಾರಿ ನೆರವು, ರ್ಯಾಕೆಟ್ ಕಂಪನಿಯ ಒಪ್ಪಂದ.

ಒಪ್ಪಂದ ಎಂದಾಕ್ಷಣ ಹಣದ ಚೀಲ ಕಲ್ಪಿಸಿಕೊಳ್ಳಬೇಡಿ. ಆರಂಭದಲ್ಲಿ ಸಿಗುವುದು ರ್ಯಾಕೆಟ್, ಗಟ್ (ರ್ಯಾಕೆಟ್‌ಗೆ ಕಟ್ಟುವ ತಂತಿ), ಶೂ, ಬಟ್ಟೆ ಅಷ್ಟೇ. ಅದೇನೂ ಕಡಿಮೆಯಲ್ಲ. 28, 30 ಪೌಂಡ್ ಬಿಗಿತದಲ್ಲಿ ಕಟ್ಟಿಸಿದ ತೆಳು ಗಟ್ ಹೆಚ್ಚು ದಿನ ಬಾಳುವುದಿಲ್ಲ, ಪಂದ್ಯದ ನಡುವೆ ಕಡಿದರೆ ಓಡಿಹೋಗಿ ಇನ್ನೊಂದು ತರಲು ಬ್ಯಾಗಿನಲ್ಲಿ ಅದೇ ಬಿಗಿತದ ನಾಲ್ಕೈದು ರ್ಯಾಕೆಟ್ ಇರಲೇಬೇಕು. ಸಹಿ ಹಾಕುವ ಮುನ್ನ ಒಂದನ್ನು ಕಡ್ಡಾಯವಾಗಿ ಓದಿ: ರಾಷ್ಟ್ರೀಯ ತಂಡದ ಪ್ರಾಯೋಜಕರೂ ನಿಮ್ಮ ಪ್ರಾಯೋಜಕರೂ ಬೇರೆ ಬೇರೆಯಾದರೆ ಯಾರ ಮಾತು ನಡೆಯುತ್ತದೆ?

ಹೆಜ್ಜೆ 6: ಮೈ ಉಳಿಸಿಕೊಳ್ಳುವುದು

ಕರೋಲಿನಾ ಮರಿನ್ 2016ರ ಒಲಿಂಪಿಕ್ ಚಾಂಪಿಯನ್. 2019ರಲ್ಲಿ ಬಲಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮರಳಿದರು, 2021ರಲ್ಲಿ ಎಡಮೊಣಕಾಲು ಹೋಗಿ ಟೋಕಿಯೊ ತಪ್ಪಿತು. 2024ರ ಪ್ಯಾರಿಸ್ ಸೆಮಿಫೈನಲ್‌ನಲ್ಲಿ ಮುನ್ನಡೆಯಲ್ಲಿದ್ದಾಗಲೇ ಮತ್ತೆ ಬಲಮೊಣಕಾಲು. ಅತ್ಯುತ್ತಮ ಆರೈಕೆ ಇದ್ದವರ ಪಾಡೇ ಇದು. ಒಂದು ಕಾಲನ್ನು ಉದ್ದಕ್ಕೆ ಮುಂದೆ ಚಾಚಿ (ಲಂಜ್) ತಟ್ಟನೆ ನಿಲ್ಲುವುದು, ಒಂದೇ ಕಾಲ ಮೇಲೆ ಇಳಿಯುವುದು ಈ ಆಟದ ಸ್ವಭಾವವಾದ್ದರಿಂದ ಮೊಣಕಾಲು, ಪಾದದ ಕೀಲು, ಹಿಮ್ಮಡಿಯ ಸ್ನಾಯುಬಂಧಕ್ಕೆ ಹದಿಹರೆಯದಿಂದಲೇ ಜಿಮ್ ಕೆಲಸ ಬೇಕು.

ಮೇಲಿನವರಿಗೆ ವಿಶ್ರಾಂತಿಯೂ ಸ್ವಂತದ್ದಲ್ಲ. ಸಿಂಗಲ್ಸ್‌ನ ಮೊದಲ 15, ಡಬಲ್ಸ್‌ನ ಮೊದಲ 10 ಜೋಡಿಗಳು ಸೂಪರ್ 1000, 750 ಟೂರ್ನಿಗಳನ್ನೆಲ್ಲ ಆಡಲೇಬೇಕು. ಸಕಾರಣವಿಲ್ಲದೆ ತಪ್ಪಿಸಿದರೆ ದಂಡ. 2024ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಬೆನ್ನಲ್ಲೇ ದಕ್ಷಿಣ ಕೊರಿಯಾದ ಆನ್ ಸೆ ಯಂಗ್ ತಮ್ಮ ಮೊಣಕಾಲಿನ ಗಾಯವನ್ನು ದೇಶದ ಸಂಸ್ಥೆ ನಿಭಾಯಿಸಿದ ರೀತಿಯ ಬಗ್ಗೆ ಬಹಿರಂಗವಾಗಿ ಅಸಮಾಧಾನ ಹೇಳಿಕೊಂಡರು. ಎಲ್ಲರಿಗೂ ಚಿನ್ನದ ಬಲ ಇರುವುದಿಲ್ಲ. ಹಾಗಾಗಿ ತಂಡದ ವೈದ್ಯರ ಹೊರತಾಗಿ ನಿಮ್ಮದೇ ಆದ ಒಬ್ಬ ಫಿಸಿಯೊ ಇರಲಿ.

ಯಾರ ಜೊತೆ ಅಭ್ಯಾಸ ಮಾಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಸಿಂಗಪುರದ ಲೊಹ್ ಕೀನ್ ಯೂ 2021ರಲ್ಲಿ ದುಬೈಗೆ ಹೋಗಿ ಅಕ್ಸೆಲ್ಸನ್ ಜೊತೆ ತರಬೇತಿ ಪಡೆದರು. ಅದೇ ವರ್ಷಾಂತ್ಯದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಟೂರ್ನಿಯ ಶ್ರೇಯಾಂಕವೇ (ಸೀಡ್) ಇಲ್ಲದೆ, ಮೊದಲ ಸುತ್ತಿನಲ್ಲಿ ಅಕ್ಸೆಲ್ಸನ್ ಅವರನ್ನೇ ಸೋಲಿಸಿ ಪ್ರಶಸ್ತಿ ಗೆದ್ದರು.

ಹೆಜ್ಜೆ 7: ಅಂಗಣದ ಹೊರಗಿನ ನಿಯಮಗಳು

ಬ್ಯಾಡ್ಮಿಂಟನ್ ಮೇಲೆ ಬೆಟ್ಟಿಂಗ್ ಕಟ್ಟುವುದು, ಒಳಸುದ್ದಿ ಹೊರಗೆ ಹೇಳುವುದು, ಆಮಿಷ ಬಂದದ್ದನ್ನು ತಿಳಿಸದೆ ಇರುವುದು ಎಲ್ಲವೂ ಅಪರಾಧ. ಮ್ಯಾಚ್ ಫಿಕ್ಸಿಂಗ್‌ಗೆ 20 ವರ್ಷದ ನಿಷೇಧ ಬಿದ್ದ ಉದಾಹರಣೆ ಇದೆ. ಮೊಮೊಟ 2016ರಲ್ಲಿ ಅಕ್ರಮ ಜೂಜು ಅಡ್ಡೆಗೆ ಹೋಗಿದ್ದಕ್ಕೆ ನಿಷೇಧಕ್ಕೊಳಗಾಗಿ ಒಲಿಂಪಿಕ್ಸ್ ಕಳೆದುಕೊಂಡರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮುಂದೆ ಸುಲಭದ ಎದುರಾಳಿ ಸಿಗಲೆಂದು ಬೇಕಂತಲೇ ಸೋಲಲು ನೋಡಿದ ನಾಲ್ಕು ಮಹಿಳಾ ಜೋಡಿಗಳನ್ನು ಮನೆಗೆ ಕಳಿಸಲಾಯಿತು.

ಉದ್ದೀಪನ ಮದ್ದು ಪರೀಕ್ಷೆಯ ನೋಂದಾಯಿತ ಪಟ್ಟಿಗೆ ಹೆಸರು ಸೇರಿದರೆ ಪ್ರತಿದಿನ ಒಂದು ಗಂಟೆ ಎಲ್ಲಿರುತ್ತೀರೆಂದು ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಮದ್ದು ಮುಟ್ಟದಿದ್ದರೂ, ಶಿಕ್ಷೆ. ನೆಗಡಿ ಮಾತ್ರೆ, ಪ್ರೋಟೀನ್ ಪುಡಿ ಯಾವುದನ್ನೂ ಕೇಳದೆ ಬಾಯಿಗೆ ಹಾಕಬೇಡಿ.

ಹೆಜ್ಜೆ 8: ನಿಲ್ಲಿಸುವುದು

ಸಿಂಗಲ್ಸ್ ಆಟಗಾರರಲ್ಲಿ ಹೆಚ್ಚಿನವರು ಮೂವತ್ತರ ಆಚೀಚೆ ಇಳಿಮುಖ ಕಾಣುತ್ತಾರೆ. ಡಬಲ್ಸ್‌ನವರು ಇನ್ನಷ್ಟು ವರ್ಷ ಎಳೆಯುತ್ತಾರೆ. ಕೋಚಿಂಗ್ ಪ್ರಮಾಣಪತ್ರಗಳನ್ನು ಆಡುತ್ತಿರುವಾಗಲೇ ಮುಗಿಸಿಕೊಳ್ಳಿ. 1992ರ ಒಲಿಂಪಿಕ್ ಡಬಲ್ಸ್ ಚಾಂಪಿಯನ್ ಪಾರ್ಕ್ ಜೂ ಬಾಂಗ್ ಕೊರಿಯಾದವರು, ಜಪಾನ್ ತಂಡವನ್ನು ಎತ್ತಿ ನಿಲ್ಲಿಸಿದ ಕೋಚ್ ಅವರೇ. 2012ರ ಬೆಳ್ಳಿ ವಿಜೇತ, ಡೆನ್ಮಾರ್ಕ್‌ನ ಮಥಾಯಸ್ ಬೋ ಮುಂದೆ ಭಾರತದ ಸಾತ್ವಿಕ್–ಚಿರಾಗ್ ಡಬಲ್ಸ್ ಜೋಡಿಯ ಕೋಚ್ ಆದರು. ಒಳ್ಳೆಯ ಕೋಚ್‌ಗೆ ಗಡಿಯ ಅಡ್ಡಿ ಕಡಿಮೆ.

ನಿವೃತ್ತಿಯನ್ನು ಸಾಮಾಜಿಕ ಜಾಲತಾಣದಲ್ಲಿ ಹೇಳಿದರೆ ಸಾಲದು. ಪರೀಕ್ಷಾ ಪಟ್ಟಿಯಲ್ಲಿದ್ದವರು ಲಿಖಿತವಾಗಿ ತಿಳಿಸದಿದ್ದರೆ ಇರುವ ಜಾಗ ಹೇಳುವ ಹೊಣೆ ಮುಂದುವರಿಯುತ್ತದೆ. ಬರೆದುಕೊಟ್ಟ ಮೇಲೆ ಮನಸ್ಸು ಬದಲಾದರೆ, ಮತ್ತೆ ಪರೀಕ್ಷೆಗೆ ಸಿಗುವವರಾಗಿ ಆರು ತಿಂಗಳು ಕಾಯ್ದ ನಂತರವಷ್ಟೇ ಟೂರ್ನಿಗೆ ಇಳಿಯಬಹುದು. ಬೇಸರದ ಸೋಲಿನ ರಾತ್ರಿ ಆ ಪತ್ರ ಬರೆದರೂ ಕಳಿಸುವುದನ್ನು ಒಂದು ತಿಂಗಳು ಮುಂದೂಡಿ.