ಹೈಸ್ಕೂಲಿನಲ್ಲೇ ಗಳಿಸಿದ ಕ್ರೆಡಿಟ್: ಡಿಗ್ರಿಯ ಲೆಕ್ಕಕ್ಕೆ ಬಂದದ್ದೆಷ್ಟು?

ಡಲ್ಲಾಸ್ ಹತ್ತಿರದ ಹೈಸ್ಕೂಲು ಮುಗಿಸುವಾಗ ನನ್ನ ಹೆಸರಿನಲ್ಲಿ 36 ಕಾಲೇಜು ಕ್ರೆಡಿಟ್ (ಕೋರ್ಸಿನ ತೂಕ ಅಳೆಯುವ ಏಕಮಾನ) ಇದ್ದವು. ಸಿವಿಲ್ ಎಂಜಿನಿಯರಿಂಗ್ ಪದವಿಗೆ ಬೇಕಾದದ್ದು 126. "ಕಾಲು ಭಾಗಕ್ಕಿಂತ ಜಾಸ್ತಿ ಆಗಲೇ ಆಯ್ತಲ್ಲ, ಮೂರೇ ವರ್ಷಕ್ಕೆ ಡಿಗ್ರಿ" ಎಂದು ಯುಗಾದಿ ಊಟದ ಪಂಕ್ತಿಯಲ್ಲಿ ಕೂತವರೆಲ್ಲ ಲೆಕ್ಕ ಹಾಕಿದರು. ಹಿಡಿದದ್ದು ಮೂರೂವರೆ ವರ್ಷ. ಆ ಮಿಕ್ಕ ಆರು ತಿಂಗಳು ಎಲ್ಲಿ ಹೋಯಿತು ಅನ್ನುವುದು ಮೊದಲೇ ಗೊತ್ತಿದ್ದರೆ ಹೈಸ್ಕೂಲಿನ ವಿಷಯಗಳನ್ನು ಆರಿಸುವ ರೀತಿಯೇ ಬೇರೆಯಾಗುತ್ತದೆ.

ಕ್ರೆಡಿಟ್ ಬಂದದ್ದು ಎರಡು ದಾರಿಯಿಂದ. ಒಂದು ಡ್ಯುಯಲ್ ಕ್ರೆಡಿಟ್. ಹೈಸ್ಕೂಲಿನಲ್ಲಿ ಇರುವಾಗಲೇ ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಕೋರ್ಸ್ ಓದುವುದು. ಅದಕ್ಕೆ ಟಿಎಸ್‌ಐ ಅನ್ನುವ, ಕಾಲೇಜು ಓದಿಗೆ ಸಿದ್ಧವೇ ಎಂದು ನೋಡುವ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಎಸ್‌ಎಟಿಯಂಥ ಪರೀಕ್ಷೆಯ ಅಂಕ ತೋರಿಸಿ ವಿನಾಯಿತಿ ಪಡೆಯಬೇಕು. ನಾನು ಇಂಗ್ಲಿಷ್ 1301 ಮತ್ತು 1302, ಅಮೆರಿಕದ ಇತಿಹಾಸ ಎರಡು ಕೋರ್ಸ್, ಗವರ್ನಮೆಂಟ್ (ಸರ್ಕಾರ ನಡೆಯುವ ರೀತಿ) ಎರಡು ಕೋರ್ಸ್, ಒಟ್ಟು 18 ಕ್ರೆಡಿಟ್ ಇಲ್ಲೇ ಮುಗಿಸಿದೆ. ಇವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಟೆಕ್ಸಾಸ್‌ನ ಯಾವ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಏನೇ ಓದಿದರೂ 6 ಕ್ರೆಡಿಟ್ ಇತಿಹಾಸ, 6 ಕ್ರೆಡಿಟ್ ಗವರ್ನಮೆಂಟ್ ಕಾನೂನಿನಂತೆ ಕಡ್ಡಾಯ. ಎಲ್ಲ ಪದವಿಗೂ ಸಾಮಾನ್ಯವಾದ 42 ಕ್ರೆಡಿಟ್‌ಗಳ 'ಕೋರ್' ರಾಜ್ಯದ ಒಂದು ಸರ್ಕಾರಿ ಕಾಲೇಜಿನಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ. ಹಾಗಾಗಿ ಮುಂದೆ ಮನಸ್ಸು ಬದಲಾಗಿ ಬೇರೆ ಪದವಿಗೆ ಹೋದರೂ ಈ ಹದಿನೆಂಟು ಎಲ್ಲೂ ಹೋಗುವುದಿಲ್ಲ.

ಇನ್ನೊಂದು ದಾರಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್), ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದಿ ಪರೀಕ್ಷೆ ಬರೆಯುವುದು. ಮೇ ತಿಂಗಳಲ್ಲಿ ಪರೀಕ್ಷೆ, ಜುಲೈನಲ್ಲಿ ಫಲಿತಾಂಶ, 1ರಿಂದ 5ರವರೆಗೆ ಅಂಕ, ಒಂದೊಂದು ಪರೀಕ್ಷೆಗೆ ಸುಮಾರು 100 ಡಾಲರ್. ಕ್ಯಾಲ್ಕುಲಸ್ 'ಬಿಸಿ' ಪರೀಕ್ಷೆಯಿಂದ 8 ಕ್ರೆಡಿಟ್, ಫಿಸಿಕ್ಸ್ ಸಿ ಮೆಕ್ಯಾನಿಕ್ಸ್‌ನಿಂದ 4, ಮ್ಯಾಕ್ರೋ ಎಕನಾಮಿಕ್ಸ್ ಮತ್ತು ಸೈಕಾಲಜಿಯಿಂದ ಮೂರು ಮೂರು ಬಂತು. ಟೆಕ್ಸಾಸ್‌ನ 2015ರ ಕಾನೂನಿನ ಪ್ರಕಾರ ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ 3 ಅಂಕಕ್ಕೇ ಕ್ರೆಡಿಟ್ ಕೊಡಬೇಕು. ಹೆಚ್ಚು ಕೇಳುವುದಾದರೆ ಪುರಾವೆ ಇರಬೇಕು. ಅದೇ ಕ್ಯಾಲ್ಟೆಕ್, ಡಾರ್ಟ್‌ಮತ್‌ಗಳಲ್ಲಿ 5 ತಂದರೂ ಪದವಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಆ ಆರು ತಿಂಗಳ ವಿಷಯ. ಎಂಜಿನಿಯರಿಂಗ್ ಪದವಿಯಲ್ಲಿ ಎಷ್ಟು ಕ್ರೆಡಿಟ್ ಬಾಕಿ ಇದೆ ಅನ್ನುವುದಕ್ಕಿಂತ ಯಾವುದರ ನಂತರ ಯಾವುದು ಅನ್ನುವುದೇ ಮುಖ್ಯ. ಸ್ಟ್ಯಾಟಿಕ್ಸ್ ಆಗದೆ ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಇಲ್ಲ, ಅದಾಗದೆ ಸ್ಟ್ರಕ್ಚರಲ್ ಅನಾಲಿಸಿಸ್ ಇಲ್ಲ, ಅದಾಗದೆ ಕಾಂಕ್ರೀಟ್ ಡಿಸೈನ್ ಇಲ್ಲ, ಕೊನೆಗೆ ಎರಡು ಸೆಮಿಸ್ಟರಿನ ಪ್ರಾಜೆಕ್ಟ್. ಇತಿಹಾಸ, ಇಂಗ್ಲಿಷ್ ಎಷ್ಟು ಮುಗಿಸಿಕೊಂಡು ಹೋದರೂ ಈ ಸರಪಳಿ ಒಂದು ಕೊಂಡಿಯಷ್ಟೂ ಗಿಡ್ಡವಾಗುವುದಿಲ್ಲ. ನನಗೆ ಸಮಯ ಉಳಿಸಿಕೊಟ್ಟದ್ದು ಕ್ಯಾಲ್ಕುಲಸ್ ಮತ್ತು ಫಿಸಿಕ್ಸಿನ 12 ಕ್ರೆಡಿಟ್ ಮಾತ್ರ. ಅವು ಇದ್ದುದರಿಂದ ಮೊದಲ ಸೆಮಿಸ್ಟರಿನಲ್ಲೇ ಸ್ಟ್ಯಾಟಿಕ್ಸ್‌ಗೆ ಕೂರಲು ಬಿಟ್ಟರು. ಕೋರ್‌ನಲ್ಲಿ ಸಮಾಜ ವಿಜ್ಞಾನಕ್ಕೆ ಇದ್ದದ್ದು ಒಂದೇ ಜಾಗ, ಅದನ್ನು ಎಕನಾಮಿಕ್ಸ್ ತುಂಬಿತು. ಸೈಕಾಲಜಿಯ ಮೂರು ಕ್ರೆಡಿಟ್ ಅಂಕಪಟ್ಟಿಯಲ್ಲಿ ಸುಮ್ಮನೆ ಕೂತಿವೆ.

ನಮ್ಮಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅವರು ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಬಿಇ ಎರಡನೇ ವರ್ಷಕ್ಕೆ ಸೇರಿದವರು. "ವರ್ಷ ಉಳೀತು ಅಂತ ಖುಷಿಯಾಗಿ ಹೋದೆ ಕಣೋ, ಮೂರನೇ ಸೆಮ್ ಮ್ಯಾಥ್ಸ್ ನನ್ನ ಗಾಳಿ ಬಿಡಿಸ್ತು. ನೀನು ಒಂದ್ಸಲ ನೋಡ್ಕೊಂಡು ಹೋಗು" ಅಂದರು. ಆ ಮಾತಿಗೆ ಬೇಸಿಗೆ ರಜೆಯಲ್ಲಿ ನಮ್ಮ ವಿಶ್ವವಿದ್ಯಾಲಯದ ಕ್ಯಾಲ್ಕುಲಸ್ 2ರ ಹಳೆಯ ಫೈನಲ್ ಪ್ರಶ್ನೆಪತ್ರಿಕೆಗಳನ್ನು ಹುಡುಕಿ, ಗಡಿಯಾರ ಇಟ್ಟುಕೊಂಡು ಬಿಡಿಸಿದೆ. ಸರಣಿಗಳ ಭಾಗ ಸಡಿಲವಿತ್ತು, ಅದನ್ನು ಮತ್ತೆ ಓದಿದೆ. ಎಪಿ ಅಂಕ 5 ಇದ್ದರೂ ಕ್ಯಾಲ್ಕುಲಸ್ 3ಕ್ಕೆ ಹಾರುವ ಮುನ್ನ ಎಲ್ಲರೂ ಇಷ್ಟು ಮಾಡುವುದು ಒಳ್ಳೆಯದು. ಅಲ್ಲಿ ಕೈಕೊಟ್ಟರೆ ಉಳಿಸಿದ ಸೆಮಿಸ್ಟರ್ ಹಾಗೇ ಹೋಗುತ್ತದೆ.

ಯಾರೂ ಹೇಳದ ಇನ್ನೊಂದು ಸಂಗತಿಯಿದೆ. ಉಳಿದವರು ಪ್ರತಿ ಸೆಮಿಸ್ಟರಿಗೆ ಮೂರು ಗಟ್ಟಿ ವಿಷಯದ ಜೊತೆ ಇತಿಹಾಸದಂಥ ಹಗುರದ್ದೊಂದು ಸೇರಿಸಿಕೊಳ್ಳುತ್ತಿದ್ದರು. ನನ್ನ ಹಗುರದ್ದೆಲ್ಲ ಹೈಸ್ಕೂಲಿನಲ್ಲೇ ಖರ್ಚಾಗಿತ್ತು. ಎಚ್-4 (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾಕ್ಕೆ ಅಂಟಿಕೊಂಡ ವೀಸಾ) ಮಕ್ಕಳಿಗೆ ಇದು ಇನ್ನೂ ಬಿಗಿ. 21 ತುಂಬುತ್ತಲೇ ಎಚ್-4 ಮುಗಿಯುತ್ತದೆ, ನಾನು ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಾದೆ. ಎಫ್-1ನಲ್ಲಿ ಕೊನೆಯ ಸೆಮಿಸ್ಟರ್ ಬಿಟ್ಟರೆ ಪ್ರತಿ ಬಾರಿ ಕನಿಷ್ಠ 12 ಕ್ರೆಡಿಟ್ ಓದುತ್ತಿರಬೇಕು. ಆದರೆ ಸರಪಳಿಯ ಮುಂದಿನ ಕೊಂಡಿ ಇನ್ನೂ ತೆರೆದಿರದ ಸೆಮಿಸ್ಟರಿನಲ್ಲಿ ಹನ್ನೆರಡು ತುಂಬಿಸಲು ವಿಷಯಗಳೇ ಸಾಲಲಿಲ್ಲ. ಗಣಿತದಲ್ಲಿ ಮೈನರ್ (ಪದವಿಯ ಜೊತೆಗಿನ ಉಪವಿಷಯ) ತೆಗೆದುಕೊಂಡು ಆ ಜಾಗ ತುಂಬಿದೆ. ಎಚ್-4ನಲ್ಲಾಗಲಿ ಎಫ್-1ನಲ್ಲಾಗಲಿ ಫೆಡರಲ್ ಸಹಾಯಧನ ಸಿಗುವುದಿಲ್ಲವಾದ್ದರಿಂದ, ಉಳಿಸಿದ ಒಂದು ಸೆಮಿಸ್ಟರಿನ ಶುಲ್ಕ ಮಾತ್ರ ನೇರವಾಗಿ ಅಪ್ಪನ ಜೇಬಿನಲ್ಲೇ ಉಳಿಯಿತು.

ಕಾಗದಪತ್ರದ ಕೆಲಸ ಸುಲಭ, ಆದರೆ ತಾನಾಗಿ ಆಗುವುದಿಲ್ಲ. ಡ್ಯುಯಲ್ ಕ್ರೆಡಿಟ್ ಹೈಸ್ಕೂಲಿನ ಅಂಕಪಟ್ಟಿಯಲ್ಲಿ ಕಂಡರೆ ಸಾಲದು, ಕಮ್ಯುನಿಟಿ ಕಾಲೇಜೇ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಕಳಿಸಬೇಕು. ಎಪಿ ಅಂಕವನ್ನು ಆ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಮೂಲಕ ಕಳಿಸಬೇಕು. ಜೂನ್ 20ರೊಳಗೆ ಆರಿಸಿದರೆ ವರ್ಷಕ್ಕೆ ಒಂದು ಕಾಲೇಜಿಗೆ ಉಚಿತ. ಅಂಕ ತಲುಪಿದ ಮೇಲೂ ಕೆಲವು ವಿಶ್ವವಿದ್ಯಾಲಯಗಳಲ್ಲಿ "ಈ ಕ್ರೆಡಿಟ್ ನನಗೆ ಬೇಕು" ಎಂದು ವಿದ್ಯಾರ್ಥಿಯೇ ಕೇಳಿ ಪಡೆಯಬೇಕು.

ತಂಗಿ ಈಗ ಹನ್ನೊಂದನೇ ತರಗತಿ, ಅವಳಿಗೆ ಡಾಕ್ಟರ್ ಆಗಬೇಕು. ನನ್ನ ಪಟ್ಟಿ ಅವಳಿಗೆ ಹೊಂದುವುದಿಲ್ಲ. ಬಯಾಲಜಿ, ಕೆಮಿಸ್ಟ್ರಿಗೆ ಎಪಿ ಕ್ರೆಡಿಟ್ ಒಪ್ಪದೆ, ಕಾಲೇಜಿನಲ್ಲೇ ಓದಿರಬೇಕು ಅನ್ನುವ ಮೆಡಿಕಲ್ ಸ್ಕೂಲುಗಳಿವೆ. ಡ್ಯುಯಲ್ ಕ್ರೆಡಿಟ್ಟಿನ ಗ್ರೇಡುಗಳೋ, ಎಎಂಸಿಎಎಸ್ ಎಂದು ಕರೆಯುವ ಮೆಡಿಕಲ್ ಅರ್ಜಿಯ ಜಿಪಿಎಗೆ (ಗ್ರೇಡುಗಳ ಸರಾಸರಿ) ಹದಿನಾರನೇ ವಯಸ್ಸಿನದೂ ಸೇರುತ್ತವೆ. ಅದಕ್ಕೇ ಇತಿಹಾಸ, ಗವರ್ನಮೆಂಟ್ ಮಾತ್ರ ಡ್ಯುಯಲ್ ಕ್ರೆಡಿಟ್‌ನಲ್ಲಿ ಮುಗಿಸು, ಅದೂ ಎ ಬರುತ್ತದೆ ಅನ್ನುವ ಧೈರ್ಯವಿದ್ದರೆ ಮಾತ್ರ ಎಂದು ಹೇಳಿದ್ದೇನೆ. ಎಪಿ ಬಯಾಲಜಿ ಪರೀಕ್ಷೆ ಬರೆಯುತ್ತಾಳೆ, ಕ್ರೆಡಿಟ್ ಕೇಳುವುದಿಲ್ಲ.