ರಕ್ತದಲ್ಲಿನ ಸೀಸ, ಕಿಟಕಿ ಪಟ್ಟಿಯ ಧೂಳು

ಮಕ್ಕಳ ಮೈಸೇರುವ ಭಾರ ಲೋಹಗಳ ಬಗ್ಗೆ ಸಂಶೋಧನೆ ಮಾಡುವುದು ನನ್ನ ಕೆಲಸ. ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ಎಲ್ಲವನ್ನೂ ನೋಡುತ್ತೇವೆ. ಆದರೆ ಹೆಚ್ಚು ಹೊತ್ತು ಹೋಗುವುದು ಸೀಸದ ಹಿಂದೆಯೇ. ಸೀಸ ಸೇರಿದ ಎಷ್ಟೋ ಮಕ್ಕಳಲ್ಲಿ ಹೊರಗೆ ಕಾಣುವ ಲಕ್ಷಣವೇ ಇರುವುದಿಲ್ಲ. ಇದ್ದರೂ ಹೊಟ್ಟೆನೋವು, ಮಲಬದ್ಧತೆ, ಸಿಡುಕುತನ, ರಕ್ತಹೀನತೆ. ಇವು ಯಾವ ಮಗುವಿಗೆ ಬರುವುದಿಲ್ಲ ಹೇಳಿ? ಹಾಗಾಗಿ ರಕ್ತ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ.

ನಮ್ಮ ತಲೆನೋವು ಶುರುವಾಗುವುದೂ ಅಲ್ಲಿಯೇ. ನಾವು ಹುಡುಕುವುದು ಒಂದು ಡೆಸಿಲೀಟರ್ ರಕ್ತದಲ್ಲಿ ಕೆಲವೇ ಮೈಕ್ರೋಗ್ರಾಂ ಸೀಸ. ಮಗುವಿನ ಬೆರಳಿಗೆ ಅಂಟಿದ ಧೂಳಿನಲ್ಲೇ ಅದಕ್ಕಿಂತ ಹೆಚ್ಚು ಇರಬಹುದು. ಬೆರಳು ಚುಚ್ಚುವ ಮೊದಲು ಸೋಪು ನೀರಿನಲ್ಲಿ ಕೈ ತೊಳೆಸುತ್ತೇವೆ. ತೊಳೆದ ಮೇಲೆ ಆ ಬೆರಳು ಏನನ್ನೂ ಮುಟ್ಟಬಾರದು, ಮಗುವಿನ ಅಂಗಿಯನ್ನೂ ಸಹ. ಪುಡಿಯಿಲ್ಲದ ಕೈಗವಸು ಹಾಕಿ ಚುಚ್ಚಿ, ಮೊದಲ ಹನಿಯನ್ನು ಒರೆಸಿ, ಮುಂದಿನ ಹನಿಗಳನ್ನಷ್ಟೇ ಹಿಡಿಯುತ್ತೇವೆ. ಎರಡು ವರ್ಷದ ಮಗುವಿನ ಕೈಯನ್ನು ಅಷ್ಟು ಹೊತ್ತು ಗಾಳಿಯಲ್ಲೇ ಹಿಡಿದಿಡುವ ನರ್ಸ್ ಸಿಕ್ಕರೆ ಅದು ನಮ್ಮ ಪುಣ್ಯ. ಇಷ್ಟಾದ ಮೇಲೂ ಬೆರಳ ರಕ್ತದಲ್ಲಿ ಸೀಸ ಹೆಚ್ಚೆಂದು ಬಂದರೆ ನಂಬುವುದಿಲ್ಲ. ರಕ್ತನಾಳದಿಂದ ತೆಗೆದ ರಕ್ತವನ್ನು ಲೋಹದ ಅತಿ ಸಣ್ಣ ಪ್ರಮಾಣವನ್ನೂ ಹಿಡಿಯುವ ಐಸಿಪಿ-ಎಂಎಸ್ ಯಂತ್ರದಲ್ಲಿ ಮತ್ತೆ ಅಳೆಯುತ್ತೇವೆ.

ಕೆಲವು ತಂದೆತಾಯಿ ಕೂದಲಿನ ಪರೀಕ್ಷೆಯ ವರದಿ ಹಿಡಿದು ಬರುತ್ತಾರೆ. ಕೂದಲಿಗೆ ಹೊರಗಿನ ಧೂಳು, ಶಾಂಪೂ ಎಲ್ಲವೂ ಅಂಟುವುದರಿಂದ ಅದರ ಮೇಲೆ ಚಿಕಿತ್ಸೆ ನಿರ್ಧರಿಸಲು ಆಗುವುದಿಲ್ಲ. ಇನ್ನೊಂದು ಬಗೆಯ ಪರೀಕ್ಷೆ ಕಂಡರೆ ನನಗೆ ಸಿಟ್ಟೇ ಬರುತ್ತದೆ: ಮೊದಲು ಲೋಹ ಹೊರಹಾಕುವ ಔಷಧಿ ಕೊಟ್ಟು, ಆಮೇಲೆ ಮೂತ್ರ ಅಳೆಯುವುದು. ಔಷಧಿ ಕೊಟ್ಟರೆ ಯಾರ ಮೂತ್ರದಲ್ಲಾದರೂ ಲೋಹ ಹೆಚ್ಚುತ್ತದೆ. ಅದನ್ನು ಔಷಧಿ ಇಲ್ಲದವರ ಸಾಮಾನ್ಯ ಮಟ್ಟದ ಪಕ್ಕ ಇಟ್ಟರೆ ಆರೋಗ್ಯವಂತ ಮಗುವೂ ವಿಷ ತಗುಲಿದ ಮಗುವಾಗಿ ಕಾಣುತ್ತದೆ.

ರಕ್ತದ ಅಂಕಿ ಖಚಿತವಾದ ಮೇಲೆ ನಾವು ಹೋಗುವುದು ಮಗುವಿನ ಮನೆಗೆ. ಸಂಶೋಧನೆಯ ನಿಜವಾದ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಪ್ರಶ್ನಾವಳಿಯಲ್ಲಿ ‘ಮನೆಯಲ್ಲಿ ಸೀಸದ ವಸ್ತು ಇದೆಯೇ’ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ‘ಮಗು ಎಲ್ಲಿ ಕೂತು ಆಡುತ್ತದೆ, ತೋರಿಸಿ’ ಎಂದರೆ ಕತೆ ಬೇರೆ. ಸೀಸ ಬೆರೆತ ಹಳೆಯ ಬಣ್ಣದ ಕಿಟಕಿ ತೆರೆದು ಮುಚ್ಚುವಾಗಲೆಲ್ಲ ಉಜ್ಜಿ, ಪುಡಿ ಕೆಳಗಿನ ಪಟ್ಟಿಯ ಮೇಲೆ ಕೂರುತ್ತದೆ. ನಿಲ್ಲಲು ಕಲಿಯುತ್ತಿರುವ ಮಗು ಹಿಡಿದುಕೊಳ್ಳುವುದು ಆ ಪಟ್ಟಿಯನ್ನೇ. ಆಮೇಲೆ ಕೈ ಬಾಯಿಗೆ. ಅಳತೆ ಮಾಡಿದ ಚೌಕವನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ಧೂಳನ್ನು ಪ್ರಯೋಗಾಲಯಕ್ಕೆ ಒಯ್ಯುತ್ತೇವೆ. ಗೋಡೆಯ ಬಣ್ಣಕ್ಕೆ ಎಕ್ಸ್-ಕಿರಣ ಹಾಯಿಸಿ ಸೀಸ ಪತ್ತೆಹಚ್ಚುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಉಪಕರಣ ಸಾಕು. ಬಣ್ಣದಲ್ಲಿ ಏನೂ ಸಿಗದಿದ್ದರೆ ನನ್ನ ಕಣ್ಣು ಹೋಗುವುದು ಬಾಗಿಲ ಬಳಿಯ ಬೂಟುಗಳ ಕಡೆಗೆ. ಸೀಸದ ಬ್ಯಾಟರಿ ಕರಗಿಸುವ ಕಡೆ ದುಡಿಯುವವರ ಬೂಟು, ಬಟ್ಟೆಯ ಜೊತೆ ಸೀಸ ಮನೆಗೆ ಬರುತ್ತದೆ. ಎರಡು ಮೂಲಗಳ ನಡುವೆ ಅನುಮಾನ ಉಳಿದರೆ ಆ ಮೂಲಗಳಲ್ಲಿನ ಸೀಸದ ಐಸೋಟೋಪ್‌ಗಳ (ಬೇರೆ ಬೇರೆ ತೂಕದ ಸೀಸದ ಪರಮಾಣುಗಳ) ಅನುಪಾತವನ್ನು ರಕ್ತದ್ದಕ್ಕೆ ಹೋಲಿಸುತ್ತೇವೆ. ಅದು ದುಬಾರಿ, ಎಲ್ಲ ಸಲವೂ ಸ್ಪಷ್ಟ ಉತ್ತರವನ್ನೂ ಕೊಡುವುದಿಲ್ಲ.

ಇಷ್ಟು ಸಣ್ಣ ಅಂಕಿಗೆ ಇಷ್ಟೊಂದು ಓಡಾಟ ಏಕೆ ಎಂದು ಸಹೋದ್ಯೋಗಿಗಳೇ ಕೇಳಿದ್ದುಂಟು. ಅಮೆರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್ 1979ರಲ್ಲಿ ಶಾಲಾಮಕ್ಕಳ ಬಿದ್ದ ಹಾಲುಹಲ್ಲುಗಳಲ್ಲಿ ಸೀಸ ಅಳೆದು, ಹೆಚ್ಚು ಸೀಸವಿದ್ದ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದನ್ನು ತೋರಿಸಿದ್ದರು. ಅನೇಕ ಅಧ್ಯಯನಗಳ 1,333 ಮಕ್ಕಳ ಮಾಹಿತಿ ಒಟ್ಟುಗೂಡಿಸಿದ 2005ರ ವಿಶ್ಲೇಷಣೆಯಲ್ಲಿ ಸೀಸ 2.4ರಿಂದ 10 ಮೈಕ್ರೋಗ್ರಾಂಗೆ ಏರುವಷ್ಟರಲ್ಲೇ ಐಕ್ಯೂ ಸುಮಾರು 3.9 ಅಂಕ ಇಳಿದಿತ್ತು. 10ರ ಆಚೆಗಿನ ಇಳಿಕೆ ಇಷ್ಟು ಕಡಿದಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲ ಹುಡುಕಿ ತಪ್ಪಿಸಬೇಕು ಎಂದಿತು.

ಔಷಧಿಯಿಂದ ತೆಗೆದುಬಿಡಬಹುದಲ್ಲ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಬರುತ್ತದೆ. ಸೀಸ ಹೊರಹಾಕುವ ಔಷಧಿಯಾದ ಸಕ್ಸಿಮರ್ ಕೊಡುವುದು ಸಾಮಾನ್ಯವಾಗಿ ರಕ್ತದ ಸೀಸ 45 ಮೈಕ್ರೋಗ್ರಾಂ ದಾಟಿದ ಮೇಲೆ. 20ರಿಂದ 44ರ ನಡುವಿನ 780 ಮಕ್ಕಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಕ್ತದ ಸೀಸವೇನೋ ಇಳಿಯಿತು, ಬುದ್ಧಿಮತ್ತೆಯ ಅಂಕಗಳು ಮಾತ್ರ ಸುಧಾರಿಸಲಿಲ್ಲ. ಮೂಳೆಯಲ್ಲಿ ಕೂತ ಸೀಸ ಮತ್ತೆ ರಕ್ತಕ್ಕಿಳಿಯುವುದರಿಂದ ಔಷಧಿ ನಿಲ್ಲಿಸಿದ ಮೇಲೆ ಅಂಕಿ ಪುನಃ ಏರುವುದೂ ಇದೆ. ಆದ್ದರಿಂದ ನಾನು ಮೊದಲು ಹೇಳುವುದು ಒಣ ಕಸಬರಿಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಕೆಲಸದ ಬಟ್ಟೆ ಹೊರಗೇ ಬದಲಿಸಿ ಎಂದು. ಕಬ್ಬಿಣಾಂಶದ ಕೊರತೆ ಇರುವ ಕರುಳು ಸೀಸವನ್ನು ಹೆಚ್ಚು ಹೀರುವುದರಿಂದ ಕಬ್ಬಿಣಾಂಶವನ್ನೂ ಪರೀಕ್ಷಿಸುತ್ತೇವೆ. ಅದೇ ಭೇಟಿಯಲ್ಲಿ ಮನೆಯ ಉಳಿದ ಮಕ್ಕಳ ರಕ್ತವನ್ನೂ ತೆಗೆಯುತ್ತೇವೆ. ಅಂಬೆಗಾಲಿಡುವ ತಮ್ಮನೋ ತಂಗಿಯೋ ಇದ್ದರೆ ಆ ಕೂಸಿನ ವರದಿಯನ್ನೇ ನಾನು ಮೊದಲು ತೆರೆಯುವುದು.