ದೀಪಾವಳಿ ಅಮಾವಾಸ್ಯೆಗೆ ಕುಮಟಾ–ಕಾರವಾರ: ಚಿಕ್ಕ ಮಕ್ಕಳ ರೈಲು ಸವಾರಿ, ನನ್ನ ಅನುಭವ

ಹಬ್ಬದ ರಜೆಯಲ್ಲಿ ಮೂರರಿಂದ ಎಂಟು ವರ್ಷದ ಹತ್ತು-ಹನ್ನೆರಡು ಮಕ್ಕಳನ್ನು ಜನರಲ್ ಡಬ್ಬಿಯಲ್ಲಿ ಕರೆದೊಯ್ಯುವುದು ಆಗದ ಮಾತು ಎಂದವರೇ ಹೆಚ್ಚು. ಅಮಾವಾಸ್ಯೆಯ ದಿನ ಹೊರಡುವುದು ಎಂದಾಗ ಹಿರಿಯರಿಗಂತೂ ಮನಸ್ಸೇ ಇರಲಿಲ್ಲ. ಆದರೆ ಈ ಸವಾರಿ ಕೈಹಿಡಿದದ್ದೇ ಅಮಾವಾಸ್ಯೆಯಿಂದ. ಚತುರ್ದಶಿಯ ಎಣ್ಣೆಸ್ನಾನಕ್ಕೆ ಊರಿಗೆ ಬರುವವರು ಅಷ್ಟರೊಳಗೆ ಬಂದಾಗಿರುತ್ತದೆ. ಮರಳುವವರು ಪಾಡ್ಯದ ಗೋಪೂಜೆ ಮುಗಿಸದೆ ಹೊರಡುವುದಿಲ್ಲ. ನಡುವಿನ ಆ ಒಂದು ದಿನ ಬೆಳಗಿನ ಮಂಗಳೂರು–ಮಡಗಾಂವ್ ಪ್ಯಾಸೆಂಜರ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ಪಾಡ್ಯದ ಮರುದಿನ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲೂ ಜಾಗ ಇರುವುದಿಲ್ಲ.

ವೇಳಾಪಟ್ಟಿ ನೋಡುವಾಗ ಎಚ್ಚರ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ 2024ರಲ್ಲಿ ಅಕ್ಟೋಬರ್ 31ಕ್ಕೆ, 2025ರಲ್ಲಿ ಅಕ್ಟೋಬರ್ 20ಕ್ಕೆ ಮುಗಿಯಿತು. ಎರಡೂ ಸಲ ಅದೇ ದಿನ ನರಕ ಚತುರ್ದಶಿ. ಅಂದರೆ ಆ ಎರಡು ವರ್ಷ ಅಮಾವಾಸ್ಯೆಯ ಬೆಳಿಗ್ಗೆಯೇ ಹೊಸ ವೇಳೆ ಶುರುವಾಗಿತ್ತು. ಅಂಥ ವರ್ಷ ಹಿಂದಿನ ವಾರದ ವೇಳೆ ನಂಬಿ ಬಂದರೆ ಗಾಡಿ ತಪ್ಪುತ್ತದೆ.

ಹೋಗುವುದು ರೈಲಿನಲ್ಲಿ, ಬರುವುದು ಬಸ್ಸಿನಲ್ಲಿ. ಎರಡೂ ಕಡೆ ರೈಲು ಎಂದು ಹಟ ಹಿಡಿದವರು ಕೆಡಿಸಿಕೊಳ್ಳುವುದು ಮಧ್ಯಾಹ್ನದ ಗಾಡಿಯಲ್ಲಿ. ಒಂಟಿ ಹಳಿ, ಎದುರು ಗಾಡಿಗೆ ದಾರಿ ಬಿಡಲು ಪ್ಯಾಸೆಂಜರ್ ಎಲ್ಲೋ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಬೆಳಿಗ್ಗೆ ಇದೇ ಕ್ರಾಸಿಂಗ್ ಮಕ್ಕಳಿಗೆ ಆಟ: ಯಾವ ಕಡೆಯಿಂದ ಗಾಡಿ ಬರುತ್ತದೆ ಎಂದು ಪಂತ ಕಟ್ಟುತ್ತಾರೆ. ಮಧ್ಯಾಹ್ನ ನಿದ್ದೆ, ಸೆಕೆ, ಹಸಿವು ಸೇರಿ ಅದೇ ಅಳುವಾಗುತ್ತದೆ.

ಕುಮಟಾದಿಂದ ಉತ್ತರಕ್ಕೆ ಹೋಗುವಾಗ ಎಡಗಡೆ ಹಿಡಿಯಬೇಕು, ಅದು ಸಮುದ್ರದ ದಿಕ್ಕು. ಮಿರ್ಜಾನಿಗೆ ಮೊದಲು ಅಘನಾಶಿನಿ, ಗೋಕರ್ಣ ರೋಡ್ ದಾಟಿದ ಮೇಲೆ ಗಂಗಾವಳಿ, ಎರಡರ ಅಗಲವೂ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಹತ್ತುವಾಗ ಇಬ್ಬರು ದೊಡ್ಡವರು ಮೊದಲು ಒಳಗೆ, ಮಕ್ಕಳನ್ನು ಒಬ್ಬೊಬ್ಬರಾಗಿ ಎತ್ತಿ ಕೊಡುವುದು, ಕೊನೆಗೆ ಎಣಿಸಿ ಹತ್ತುವವರು ಒಬ್ಬರು. ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರು, ಅದಕ್ಕಿಂತ ಕಡಿಮೆ ಬೇಡ. ಕುಮಟಾದಲ್ಲಿ ಯಾವ ಡಬ್ಬಿ ಖಾಲಿ ಬರುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಹಬ್ಬಕ್ಕೆ ನಮಗೂ ಜಾಗ ಬೇಕು.

ನಿಜವಾದ ದೀಪಾವಳಿ ಹಾರವಾಡ ದಾಟಿದ ಮೇಲೆ, ಕಾರವಾರದ ಸುರಂಗದಲ್ಲಿ. ಹತ್ತಿರ ಹತ್ತಿರ ಮೂರು ಕಿ.ಮೀ. ಉದ್ದ, ಗಾಡಿಯ ವೇಗ ನೋಡಿಕೊಂಡು ಮೂರ್ನಾಲ್ಕು ನಿಮಿಷ ಕತ್ತಲೆ. 2022ರಲ್ಲಿ ಇಡೀ ಮಾರ್ಗ ವಿದ್ಯುದೀಕರಣವಾದ ಮೇಲೆ ಡೀಸೆಲ್ ಹೊಗೆಯ ಕಾಟ ತಪ್ಪಿತು, ಸದ್ದು ಮಾತ್ರ ಹಾಗೇ ಇದೆ. ಮೂರು ವರ್ಷದವರು ಹೆದರುವುದು ಕತ್ತಲೆಗಲ್ಲ, ಆ ಸದ್ದಿಗೆ. ಅದಕ್ಕೇ ಡಬ್ಬಿಯೊಳಗೆ ಬ್ಯಾಟರಿ ದೀಪದ ಸರ ಕಟ್ಟುವುದು. ಸುರಂಗದ ಬಾಯಿ ಬರುವ ಮೊದಲೇ ಕಿಟಕಿ ಇಳಿಸಿ, ಪ್ರತಿ ಮಗುವಿನ ಕೈಗೂ ಒಂದು ಸ್ವಿಚ್ ಕೊಟ್ಟುಬಿಟ್ಟರೆ ಗಮನವೆಲ್ಲ ಅಲ್ಲೇ. ಡಬ್ಬಿಯ ಉಳಿದ ಪ್ರಯಾಣಿಕರೂ ಎದ್ದು ನೋಡುತ್ತಾರೆ. ಇಂಥದ್ದನ್ನು ಈ ಮಾರ್ಗದಲ್ಲಿ ಬೇರೆ ಯಾರೂ ಮಾಡಿದ್ದು ನಾನು ಕಂಡಿಲ್ಲ.

ಸರ ಕೊಳ್ಳುವಾಗ ಪೆನ್ಸಿಲ್ ಸೆಲ್ಲಿನದೇ ಆಗಬೇಕು, ಅದೂ ಸೆಲ್ ಡಬ್ಬಿಗೆ ಸ್ಕ್ರೂ ಇರುವಂಥದ್ದು. ಗುಂಡಿ ಸೆಲ್ಲಿನದು ಅಗ್ಗ, ಆದರೆ ಮಗು ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ. ಕಟ್ಟಲು ಬಟ್ಟೆ ಒಣಗಿಸುವ ಕ್ಲಿಪ್. ಟೇಪು ಧೂಳಿಗೆ ಹಿಡಿಯುವುದಿಲ್ಲ, ಹಿಡಿದರೆ ಬಣ್ಣ ಕೀಳುತ್ತದೆ. ಗೂಡುದೀಪವನ್ನೂ ತೂಗುಹಾಕಿ ನೋಡಿದ್ದಾಯಿತು. ದೊಡ್ಡದು ಗಾಳಿಗೆ ಹರಿಯುತ್ತದೆ, ಅಂಗೈಯಷ್ಟು ಗಾತ್ರದ್ದು ತಡೆಯುತ್ತದೆ. ಬಲೂನು ಬೇಡವೇ ಬೇಡ, ಒಡೆದರೆ ಪಟಾಕಿ ಎಂದುಕೊಂಡು ಡಬ್ಬಿಯೆಲ್ಲ ಗಾಬರಿ. ಕಾಗದದ ಗಿರಗಟ್ಟೆಗೆ ಖರ್ಚೇ ಇಲ್ಲ, ಕಿಟಕಿ ಗಾಳಿಗೆ ತಾನೇ ತಿರುಗುತ್ತದೆ.

ಪಟಾಕಿಯ ಮಾತು ಬಂತು. ಹೊರಡುವ ಮೊದಲು ಮಕ್ಕಳ ಚೀಲ ಬಿಚ್ಚಿ ನೋಡಲೇಬೇಕು. ಸುರುಸುರು ಕಡ್ಡಿಯಾದರೂ ರೈಲಿನಲ್ಲಿ ಒಯ್ಯುವಂತಿಲ್ಲ. ರೈಲ್ವೆ ಕಾಯ್ದೆಯ 164ನೇ ಕಲಂನಲ್ಲಿ ಮೂರು ವರ್ಷದವರೆಗೆ ಜೈಲು ಇದೆ. ಹಣತೆ, ಕರ್ಪೂರವೂ ಬೇಡ.

ತಿಂಡಿಗೆ ಬನ್ಸ್ ಮತ್ತು ಬಾಳೆಎಲೆಯಲ್ಲಿ ಬೇಯಿಸಿದ ಸೌತೆಕಾಯಿ ಕಡುಬು. ಎಲೆಯೇ ತಟ್ಟೆ, ಚೆಲ್ಲುವುದಿಲ್ಲ. ತೆಳ್ಳನೆಯ ಸಿಹಿತಿಂಡಿ ತೊಡೆದೇವು ಪುಡಿಯಾಗಿ ಸೀಟೆಲ್ಲ ಅಂಟು, ಅವಲಕ್ಕಿ ಫ್ಯಾನಿನ ಗಾಳಿಗೆ ಹಾರುತ್ತದೆ. ಹಾಲು ಕುಡಿಸಿ ಹೊರಡಿಸಬಾರದು, ಗೋಕರ್ಣ ರೋಡ್ ಬರುವುದರೊಳಗೆ ವಾಂತಿ.

ಖರ್ಚು ನೆನಪಿನಿಂದ ಹೇಳುವುದು. ಐದು ವರ್ಷದೊಳಗಿನವರಿಗೆ ರೈಲು ಟಿಕೆಟ್ ಇಲ್ಲ, ಹನ್ನೆರಡರೊಳಗೆ ಅರ್ಧ. ಗುಂಪಿನ ಟಿಕೆಟ್ಟೆಲ್ಲ ಸೇರಿ ಇನ್ನೂರು-ಇನ್ನೂರೈವತ್ತು. ದೀಪದ ಸರಕ್ಕೆ ಆರುನೂರರ ಹತ್ತಿರ, ಅದು ಒಂದೇ ಸಲದ ಖರ್ಚು. ಕೈಸುಡುವುದು ಆಟೋ: ನಿಲ್ದಾಣ ಇರುವುದು ಶಿರವಾಡದಲ್ಲಿ, ಟಾಗೋರ್ ಕಡಲತೀರ ಪೇಟೆಯಲ್ಲಿ, ಮೂರು ಆಟೋಗೆ ಐನೂರರ ಮೇಲೆ. ಮರಳುವಾಗ ಶಕ್ತಿ ಯೋಜನೆಯಿಂದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಬಸ್ ಉಚಿತ. ಹಾಗಾಗಿ ಜೊತೆಗೆ ಬರುವ ದೊಡ್ಡವರಲ್ಲಿ ಅತ್ತೆ, ಚಿಕ್ಕಮ್ಮಂದಿರೇ ಹೆಚ್ಚಿರಲಿ, ಆಧಾರ್ ಕೈಯಲ್ಲಿರಲಿ. ಎಲ್ಲ ಸೇರಿ ಸಾವಿರದೈನೂರು ದಾಟುವುದಿಲ್ಲ. ಟೆಂಪೋ ಮಾಡಿಕೊಂಡು ಗೋವೆಗೆ ಹೋಗುವವರು ಎಂಟು ಸಾವಿರ ಕೊಡುತ್ತಾರೆ.

ಶಿರಸಿಯಿಂದ ಬರುವವರು ಅದೇ ದಿನ ಬೆಳಿಗ್ಗೆ ಘಟ್ಟ ಇಳಿಯಬಾರದು. ದೇವಿಮನೆಯ ತಿರುವುಗಳಲ್ಲಿ ಹೊಟ್ಟೆ ತೊಳೆಸಿಕೊಂಡ ಮಗು ರೈಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಹಿಂದಿನ ಸಂಜೆಯೇ ಕುಮಟಾದಲ್ಲಿ ನೆಂಟರ ಮನೆ ಹಿಡಿಯಿರಿ. ಕಾರವಾರದಿಂದ ಮಧ್ಯಾಹ್ನ ಎರಡು ಗಂಟೆಯೊಳಗೆ ಬಸ್ ಹತ್ತಿದರೆ ಕುಮಟಾದವರು ಸಂಜೆಯ ಅಂಗಡಿ ಪೂಜೆಗೆ ಮನೆ ಸೇರಬಹುದು.